ಹತ್ತಕ್ಕೆ ಮೈಕು ಬಂದ್: ನಮ್ಮೂರ ದೊಡ್ಡಾಟಕ್ಕೆ ಪರವಾನಗಿ ತಂದದ್ದು

ಎರಡು ವರ್ಷದ ಹಿಂದೆ, ಹಣಮಪ್ಪನ ಓಕಳಿ ಹಬ್ಬ ಮುಗಿದ ರಾತ್ರಿ. ಬೆಳಗಿನ ತನಕ ಬಯಲಲ್ಲಿ ಹಾಡಿ ಕುಣಿದು ಆಡುವ ದೊಡ್ಡಾಟ ಶುರುವಾಗಿತ್ತು. ಗುಡಿ ಮುಂದಿನ ಅಟ್ಟದ ಮೇಲೆ ದುರ್ಯೋಧನನ ಪಾತ್ರ ತೆರೆ ಸರಿಸಿ ಬಂದು ಇನ್ನೂ ನಾಲ್ಕು ಸುತ್ತು ಕುಣಿದಿರಲಿಲ್ಲ, ಪೊಲೀಸ್ ಜೀಪು ಬಂದು ನಿಂತಿತು. ಹತ್ತೂ ನಲವತ್ತು ಆಗಿತ್ತು. ಒಬ್ಬ ಹವಾಲ್ದಾರರು ಇಳಿದು ಸೀದಾ ಸೌಂಡ್ ಸಿಸ್ಟಂ ಹುಡುಗನ ಹತ್ತಿರ ಹೋಗಿ, "ಪರವಾನಗಿ ಐತೇನಪಾ?" ಅಂದರು. ಹುಡುಗ ನನ್ನ ಮುಖ ನೋಡಿದ, ನಾನು ಮೇಳದ ಹಿರಿಯರ ಮುಖ ನೋಡಿದೆ. ಯಾರ ಕಿಸೆಯಲ್ಲೂ ಒಂದು ಚೀಟಿ ಇರಲಿಲ್ಲ. "ಯಾರೋ 112ಕ್ಕ ಫೋನ್ ಮಾಡ್ಯಾರ. ಬಂದ್ ಮಾಡ್ರಿ" ಅಂದರು. ಬೈಯಲಿಲ್ಲ, ಕೇಸು ಹಾಕಲಿಲ್ಲ, ಮೈಕು ಬಂದಾಗುವ ತನಕ ನಿಂತು ಹೋದರು.

ಮೂರು ತಿಂಗಳು ತಾಲೀಮು ಮಾಡಿದ ಆಟ ಅದು. ದುರ್ಯೋಧನ ಆಡುವವನು ನಮ್ಮೂರ ಗೌಂಡಿ, ಹಗಲೆಲ್ಲ ಇಟ್ಟಿಗೆ ಹೊತ್ತು ರಾತ್ರಿ ಮಾತು ಬಾಯಿಪಾಠ ಮಾಡಿದವನು. ಆವತ್ತು ಕಿರೀಟ, ಭುಜಕೀರ್ತಿ ಬಿಚ್ಚದೆ ಬೆಳಕು ಹರಿಯುವ ತನಕ ಗುಡಿ ಕಟ್ಟೆಯ ಮೇಲೆ ಕೂತೇ ಇದ್ದ. ಮರುವರ್ಷ ಆಟ ಆಡುವ ಮನಸ್ಸೇ ಯಾರಿಗೂ ಬರಲಿಲ್ಲ. ಈ ವರ್ಷ ಯುಗಾದಿ ದಿನ ಅವನೇ ಬಂದು, "ತಮ್ಮಾ, ನೀ ದಿನಾ ಮಂದಿ ಅರ್ಜಿ ತುಂಬತಿ. ನಮ್ಮದೊಂದು ತುಂಬಲ್ಲ" ಅಂದ.

ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಪಿಂಚಣಿ, ಜಾತಿ ಪ್ರಮಾಣಪತ್ರ, ಪಹಣಿ, ಸೇವಾ ಸಿಂಧು ಅರ್ಜಿ, ಇದೇ ನನ್ನ ದಿನ. ಘಟಪ್ರಭೆಯ ನೀರು, ಕಬ್ಬಿನ ಊರು. ನಮ್ಮ ಅಜ್ಜ ಐವತ್ತು ವರ್ಷದಿಂದ ದೊಡ್ಡಾಟದ ಮೇಳಕ್ಕೆ ಭಾಗವತ. ಊರ ಮಂದಿ ದಾಖಲೆಗೆಲ್ಲ ನನ್ನ ಕೈಯಲ್ಲಿ ಬೆರಳಚ್ಚು ಕೊಡುತ್ತಾರೆ, ಆದರೆ ಆಟಕ್ಕೂ ಒಂದು ಕಾಗದ ಬೇಕು ಅನ್ನುವುದು ನನಗೇ ಅಲ್ಲಿಯ ತನಕ ತಲೆಗೆ ಬಂದಿರಲಿಲ್ಲ. "ನಮ್ಮ ಊರಾಗ, ನಮ್ಮ ಗುಡಿ ಮುಂದ ಆಟ ಆಡಾಕ ಯಾರನ್ನ ಕೇಳಬೇಕು?" ಅನ್ನುವವರೇ ಎಲ್ಲ. ನಾನೂ ಹಾಗೇ ಅನ್ನುತ್ತಿದ್ದೆ.

ಮೊದಲು ಪಂಚಾಯಿತಿ. ಗುಡಿ ಮುಂದಿನ ಬಯಲು ಊರ ಜಾಗ, ಅದಕ್ಕೆ ಹತ್ತಿಕೊಂಡೇ ದಾರಿ. ಹಾಗಾಗಿ ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಪಿಡಿಒ ಮೇಡಂ ಅರ್ಜಿ ಓದಿ ಕೇಳಿದ್ದು ಮೂರೇ ಪ್ರಶ್ನೆ: ಅಟ್ಟ ಎಲ್ಲಿ ಹಾಕ್ತೀರಿ, ಮಂದಿ ಎಲ್ಲಿ ಕೂಡ್ತಾರ, ಗಾಡಿ ಹೋಗಾಕ ಎಷ್ಟು ದಾರಿ ಬಿಡ್ತೀರಿ. ಮೊದಲ ಎರಡಕ್ಕೆ ಹೇಳಿದೆ. ಮೂರನೆಯದಕ್ಕೆ ಬಾಯಿ ಬರಲಿಲ್ಲ. ನಮ್ಮ ಆಟದ ದಿನ ದಾರಿ ಅನ್ನುವುದೇ ಇರುತ್ತಿರಲಿಲ್ಲ, ಚಾಪೆ ಹಾಸಿದರೆ ಮುಗೀತು, ಟ್ರ್ಯಾಕ್ಟರ್ ಬಂದರೆ ಹೊಲದ ದಾರಿಗೆ ತಿರುಗಿಸುತ್ತಿದ್ದೆವು. "ರಾತ್ರಿ ಯಾರಿಗರೆ ಹೆರಿಗೆ ಬ್ಯಾನಿ ಬಂದ್ರ 108 ಎಲ್ಲಿಂದ ಬರಬೇಕ್ರಿ?" ಅಂದರು ಮೇಡಂ. ನಕಾಶೆ ಬರೆದು ತರಲು ಹೇಳಿದರು. ಅಳತೆ ಹಾಕಿ ಬರೆದೆ. ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಟ್ಟರೆ ಕೂಡುವ ಜಾಗ ಅರ್ಧಕ್ಕೆ ಇಳಿಯುತ್ತಿತ್ತು. ಆ ನಕಾಶೆ ನೋಡಿದಾಗಲೇ ಗುಡಿ ಮುಂದಿನ ಬಯಲು ಈಗ ಆಟಕ್ಕೆ ಸಾಲುವುದಿಲ್ಲ ಅನ್ನಿಸತೊಡಗಿತ್ತು, ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಠಾಣೆಯಲ್ಲಿ ಹವಾಲ್ದಾರರು ಒಂದು ಹಾಳೆ ತೆಗೆದುಕೊಂಡು ಏನೇನು ಬೇಕು ಬರೆದು ಕೊಟ್ಟರು. ಅರ್ಜಿ, ಪಂಚಾಯಿತಿ ಪತ್ರ, ಕಮಿಟಿಯವರ ಹೆಸರು ಮತ್ತು ಆಧಾರ್ ಪ್ರತಿ, ಸೌಂಡ್ ಸಿಸ್ಟಂ ಯಾರದು ಅನ್ನುವ ವಿವರ, ಹೆಸ್ಕಾಂನ ತಾತ್ಕಾಲಿಕ ಸಂಪರ್ಕದ ರಸೀದಿ, ಮುಚ್ಚಳಿಕೆ ಪತ್ರ. ಕರೆಂಟಿನ ರಸೀದಿ ಅಂದಾಗ ನಮ್ಮ ಜೊತೆ ಬಂದಿದ್ದ ಕಾಕಾ ನೆಲ ನೋಡಿದರು. ಇಷ್ಟು ವರ್ಷ ಕಂಬಕ್ಕೆ ಹುಕ್ಕು ಹಾಕಿದ್ದು ಅವರೇ.

"ಧ್ವನಿವರ್ಧಕದ ಪರವಾನಗಿ ನಾವು ಕೊಡಾಂಗಿಲ್ಲ, ಡಿವೈಎಸ್‌ಪಿ ಸಾಹೇಬ್ರು ಕೊಡ್ತಾರ. ನಾವು ವರದಿ ಕಳಿಸ್ತೀವಿ" ಅಂದರು ಹವಾಲ್ದಾರರು. ಆಮೇಲೆ ಅರ್ಜಿ ಮೇಲೆ ನಾನು ಬರೆದ ವೇಳೆ ನೋಡಿದರು. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಅಂತ ಬರೆದಿದ್ದೆ. ದೊಡ್ಡಾಟ ನಡೆಯುವುದೇ ಆ ಹೊತ್ತಿಗೆ. ಊರ ಮಂದಿ ಉಂಡು ಬರಬೇಕು, ಗಣಪತಿ ಸ್ತುತಿ ಆಗಬೇಕು, ಸಾರಥಿ ಬಂದು ಪಾತ್ರಗಳ ಹೆಸರು ಕೇಳಬೇಕು, ಕೋಳಿ ಕೂಗುವ ಹೊತ್ತಿಗೆ ಯುದ್ಧ, ಬೆಳಕಿಗೆ ಮಂಗಳಾರತಿ. ಹವಾಲ್ದಾರರು ಪೆನ್ನಿನ ತುದಿಯನ್ನು ಆ ಎರಡು ಅಂಕಿಯ ಮೇಲೆ ಇಟ್ಟು, "ತಮ್ಮಾ, ಯಾವ ಹೊತ್ತಿನ್ಯಾಗ ಮೈಕ ಹಚ್ಚಬಾರದು ಅಂತ ಕಾನೂನು ಐತೆಲ್ಲ, ಕರೆಕ್ಟ್ ಅದ ಹೊತ್ತು ಬರದಿಯಲ್ಲೋ" ಅಂದರು.

ಆ ರಾತ್ರಿ ಕೇಂದ್ರ ಮುಚ್ಚದೆ ಕೂತು ನಿಯಮ ಇಳಿಸಿಕೊಂಡು ಓದಿದೆ. ಅದರ ಹೆಸರು ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000. ಇಪ್ಪತ್ತೈದು ವರ್ಷದಿಂದ ಇದೆ, ನಮ್ಮ ಆಟ ಅಷ್ಟೂ ವರ್ಷ ಅದನ್ನು ಮುರಿದೇ ನಡೆದಿದೆ. ಬೆಳಗಿನ 6ರಿಂದ ರಾತ್ರಿ 10 ಹಗಲು, 10ರಿಂದ 6 ರಾತ್ರಿ. ರಾತ್ರಿ ಹೊತ್ತು ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಗಲಾದರೂ ಲಿಖಿತ ಪರವಾನಗಿ ಇಲ್ಲದೆ ಹಚ್ಚುವಂತಿಲ್ಲ. ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ಸಾರ್ವಜನಿಕ ಜಾಗದಲ್ಲಿ ಮೈಕು ಹಚ್ಚಿದರೆ ಆ ಜಾಗದ ಅಂಚಿನಲ್ಲಿ ಆ ಮಿತಿಗಿಂತ 10 ಡೆಸಿಬಲ್ ಹೆಚ್ಚಿರಬಹುದು, ಆದರೆ ಏನೇ ಆದರೂ 75 ದಾಟಬಾರದು. ಅಂದರೆ ನಮಗೆ ಹಗಲು 65. ಹತ್ತು ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರಿದ ಹಾಗೆ.

ಒಂದು ಸಡಿಲಿಕೆಯೂ ಇದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾತ್ರಿ 10ರಿಂದ 12ರ ತನಕ ಅವಕಾಶ ಕೊಡಬಹುದು. ಅದೇ ನಮ್ಮ ದಾರಿ ಅಂದುಕೊಂಡು ಆ ಸಾಲಿನ ಕೆಳಗೆ ಗೆರೆ ಹೊಡೆದೆ.

ಅದನ್ನೇ ಹುಡುಕುತ್ತ ಹೋದಾಗ 2005ರ ಸುಪ್ರೀಂ ಕೋರ್ಟ್ ತೀರ್ಪು ಸಿಕ್ಕಿತು. ಆ ಮೊಕದ್ದಮೆ ಶುರುವಾದದ್ದು ಹೇಗೆ ಅಂತ ಓದಿ ಕುರ್ಚಿಯಿಂದ ಏಳಲಾಗಲಿಲ್ಲ. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆಯುವಾಗ ಅವಳು ಕೂಗಿಕೊಂಡದ್ದು ನೆರೆಯಲ್ಲಿ ಜೋರಾಗಿ ಹಚ್ಚಿದ್ದ ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆ ಸುದ್ದಿ ಕಂಡು ಒಬ್ಬ ಎಂಜಿನಿಯರ್ ಕೋರ್ಟಿಗೆ ಹೋದರು. ಮಾತಾಡುವ ಸ್ವಾತಂತ್ರ್ಯ ಇದೆ ಅಂತ ಕೇಳಲು ಒಲ್ಲದವರ ಕಿವಿಯಲ್ಲಿ ಮೈಕಿನಿಂದ ತುರುಕುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ಆ ತೀರ್ಪಿನ ತಿರುಳು. ನಮ್ಮ ಆಟದ ರಾತ್ರಿ ನಮ್ಮೂರಲ್ಲಿ ಯಾರಾದರೂ ಕೂಗಿದ್ದರೆ ನಮಗೆ ಕೇಳಿಸುತ್ತಿತ್ತೇ? ನಾಲ್ಕು ಭೋಂಗಾ (ಕಹಳೆಯಂಥ ಸ್ಪೀಕರ್) ನಾಲ್ಕು ದಿಕ್ಕಿಗೆ ಕಟ್ಟುತ್ತಿದ್ದೆವು, ಪಕ್ಕದ ಊರಿಗೂ ಕೇಳಬೇಕು ಅಂತ. ಅರ್ಧ ಹೊತ್ತು ಆ ಮೈಕಿನಲ್ಲಿ ಆಟದ ಮಾತೂ ಬರುತ್ತಿರಲಿಲ್ಲ, ಆಯಾರ (ಉಡುಗೊರೆ) ಮಾಡಿದವರ ಹೆಸರು ಮತ್ತು ರೂಪಾಯಿ ಕೂಗುವುದೇ ಆಗುತ್ತಿತ್ತು.

ಡಿವೈಎಸ್‌ಪಿ ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ನಕಾಶೆಯಲ್ಲಿ ಸುತ್ತಲಿನ ಕಟ್ಟಡಗಳ ದೂರ ಬರೆದಿರಲಿಲ್ಲ, ಅದು ನನ್ನದೇ ತಪ್ಪು, ವಾಪಸು ಬಂದೆ. ಎರಡನೆಯ ಸಲ ಸಾಹೇಬರೇ ಸಿಕ್ಕರು. ಹದಿನೈದು ದಿನದ ಸಾಲು ತೋರಿಸಿದೆ. ಅವರು ಓದಿ, "ಆ ದಿನಗಳನ್ನ ಸರ್ಕಾರ ಮೊದಲೇ ಗೊತ್ತು ಮಾಡಿರಬೇಕು. ನಿಮ್ಮ ಓಕಳಿ ಅದರಾಗ ಇಲ್ಲ. ಇದ್ದಿದ್ದರೂ ಹನ್ನೆರಡಕ್ಕ ಮುಗಿಸಬೇಕು. ಬೆಳಗಿನ ತನಕ ಕೊಡುವ ಅಧಿಕಾರ ನನಗೂ ಇಲ್ಲ, ನನ್ನ ಮ್ಯಾಲಿನವರಿಗೂ ಇಲ್ಲ" ಅಂದರು. ನನ್ನ ಮುಖ ಸಣ್ಣದಾದದ್ದು ಕಂಡಿರಬೇಕು. "ಗುಡಿಗೂ ಆಸ್ಪತ್ರಿಗೂ ಎಷ್ಟು ದೂರ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕಡಿಮೆ ಅಂದರೂ 100 ಮೀಟರನ್ನು ಶಾಂತ ವಲಯ ಅಂತ ಸರ್ಕಾರ ಘೋಷಿಸಬಹುದು, ಅಲ್ಲಿ ಹಗಲಿಗೆ 50, ರಾತ್ರಿಗೆ 40 ಡೆಸಿಬಲ್ ಅಷ್ಟೇ. "ನಿಮ್ಮೂರಾಗ ಘೋಷಣಾ ಆಗಿರಲಿ ಬಿಡಲಿ, ಒಳಗ ಬಾಣಂತ್ಯಾರು ಮಲಗಿರ್ತಾರ. ಅಳೀರಿ ಮೊದಲ" ಅಂದರು.

ಅವತ್ತೇ ಸಂಜೆ ಗೌಂಡಿಯ ಮೂವತ್ತು ಮೀಟರಿನ ಟೇಪು ಹಿಡಿದು ಅಳೆದೆವು. ಅಟ್ಟ ಹಾಕುವ ಜಾಗದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಂಪೌಂಡಿಗೆ ಎರಡು ಟೇಪು, ಮೇಲೆ ಎಂಟು ಮೀಟರ್. ಅರವತ್ತೆಂಟು. ಗೌಂಡಿ ಟೇಪು ಸುತ್ತುತ್ತ ಏನೂ ಅನ್ನಲಿಲ್ಲ. ಆ ಆಸ್ಪತ್ರೆಯ ಗೋಡೆ ಕಟ್ಟಿದ್ದು ಅವನೇ.

ಟೇಪು ಸುತ್ತುವ ಹೊತ್ತಿಗೆ ವಸ್ತಿ ಗಾಡಿ ಬಂತು. ರಾತ್ರಿ ಎಂಟೂವರೆಗೆ ಬಂದು ಗುಡಿ ಮಗ್ಗಲ ಬೇವಿನ ಗಿಡದ ಕೆಳಗೆ ನಿಂತರೆ ಮುಂಜಾನೆ ಆರೂ ಕಾಲಿಗೆ ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೇ ಸೀಟಿನ ಮೇಲೆ ಮಲಗುತ್ತಾರೆ, ಸೆಕೆಗೆ ಗುಡಿ ಕಟ್ಟೆಗೆ ಬರುತ್ತಾರೆ. ಡ್ರೈವರ್ ಇಳಿದು ಬಂದು ಏನು ಅಳೀತಿದ್ದೀರಿ ಅಂತ ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ 112ಕ್ಕ ಫೋನ್ ಮಾಡಿದಾಂವ ನಾನ ರೀ" ಅಂದರು.

ಹುಡುಗರೆಲ್ಲ ಒಮ್ಮೆಲೇ ಸುತ್ತುವರಿದರು. ಎರಡು ವರ್ಷ ಊರೊಳಗಿನ ಯಾರ್ಯಾರನ್ನೋ ಅನುಮಾನಿಸಿ, ಎರಡು ಮನೆಯವರು ಮಾತು ಬಿಟ್ಟಿದ್ದರು. ಡ್ರೈವರ್ ಹೆದರಲಿಲ್ಲ. "ಅದಕ್ಕೂ ಮೊದಲಿನ ವರ್ಷ ನಿಮ್ಮ ಆಟ ನಡದಾಗ ರಾತ್ರೆಲ್ಲಾ ಒಂದು ಗಳಿಗಿ ಕಣ್ಣ ಹತ್ತಲಿಲ್ಲ. ಮುಂಜಾನಿ ಗಾಡಿ ಬಿಟ್ಟೆ. ಲೋಕಾಪುರ ದಾಟೂದ್ರಾಗ ಕಣ್ಣ ಮುಚ್ಚಿ ತೆಗದೆ, ಗಾಡಿ ರೋಡ ಬಿಟ್ಟು ಇಳದಿತ್ತು. ಒಳಗ ಕಾಲೇಜ ಹುಡುಗೂರು ಇದ್ರು, ನಿಮ್ಮ ಊರಿನವ. ದೇವರ ದಯಾ, ಏನೂ ಆಗಲಿಲ್ಲ. ಮರುವರ್ಷ ಭೋಂಗಾ ಕಟ್ಟೂದು ನೋಡಿದ ಕೂಡಲೆ ನನಗ ಅದ ನೆನಪಾತು." ಹುಡುಗರಲ್ಲಿ ಒಬ್ಬ, "ಬಂದು ನಮಗ ಹೇಳಬಾರದಿತ್ತೇನ್ರಿ?" ಅಂದ. "ಹೇಳಿದ್ನೆಪಾ. ಮೈಕ ಹಚ್ಚಿದವರಿಗೆ ನನ್ನ ಮಾತು ಕೇಳಲಿಲ್ಲ" ಅಂದರು.

ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗುಡಿ ಮುಂದಿನ ಬಯಲು ನಮ್ಮದು ಅಂತ ನಾವು ತಿಳಿದಿದ್ದೆವು. ಅಲ್ಲಿ ದಿನಾ ಮಲಗುವ ಇಬ್ಬರು ಪರಊರಿನವರು, ಆಸ್ಪತ್ರೆಯ ಮಂಚದ ಮೇಲಿನ ಹೆಣ್ಣುಮಕ್ಕಳು, ಇವರ ಪಾಲೂ ಆ ಜಾಗದಲ್ಲಿ ಇದೆ ಅಂತ ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಇದನ್ನು ಓದಿ ಯಾರಿಗಾದರೂ ಇದು ಸಣ್ಣ ಮಾತು ಅನ್ನಿಸಬಹುದು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಗುಡಿಯಲ್ಲಿ ಮೇಳ ಕೂಡಿಸಿದೆವು. ಸಂತೆ ಬಯಲಿಗೆ ಅಟ್ಟ ಒಯ್ಯುವುದಕ್ಕೆ ಎಲ್ಲರೂ ಒಪ್ಪಿದರು, ಅದು ಊರ ಹೊರಗೆ, ಆಸ್ಪತ್ರೆಯಿಂದ ಇನ್ನೂರು ಮೀಟರಿಗೂ ಆಚೆ, ದಾರಿಗೂ ಅಡ್ಡಿಯಿಲ್ಲ. ಆದರೆ ಹತ್ತಕ್ಕೆ ಮುಗಿಸುವುದು ಅಂದಾಗ ಅಜ್ಜ ಎದ್ದೇ ನಿಂತರು. "ಹತ್ತಕ್ಕ ಮುಗಸಾಕ ಅದೇನು ಸಿನಿಮಾನ? ಸ್ತುತಿನ ಮುಗಿಯಾಂಗಿಲ್ಲ." ಮೈಕು ಬಂದ್ ಮಾಡಿ ಬರೀ ಬಾಯಿಂದ ಆಡೋಣ ಅಂದ ಗೌಂಡಿ. ಎಲ್ಲರ ಮುಖ ಅರಳಿತು, ನಾನೇ ಅದಕ್ಕೆ ತಣ್ಣೀರು ಹಾಕಬೇಕಾಯಿತು. 2010ರಲ್ಲಿ ಆ ನಿಯಮ ತಿದ್ದಿದಾಗ ಮೈಕಿನ ಜೊತೆಗೆ ವಾದ್ಯಗಳನ್ನೂ ಸೇರಿಸಿದ್ದಾರೆ. ರಾತ್ರಿ ಹತ್ತರ ನಂತರ ಬಯಲಲ್ಲಿ ಮದ್ದಳೆ ಬಾರಿಸುವುದೂ, ಹಾರ್ಮೋನಿಯಂ ಹಿಡಿಯುವುದೂ ಅದೇ ನಿಷೇಧದೊಳಗೆ ಬರುತ್ತದೆ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಹತ್ತರ ನಿಯಮ ಸರಿ ಅಂತ ನಾನು ಈಗ ಮನಸಾರೆ ಒಪ್ಪುತ್ತೇನೆ. ಆದರೆ ಒಂದು ಮದ್ದಳೆಯನ್ನೂ ಲಾರಿ ಮೇಲೆ ಹೇರಿದ ಡಿಜೆಯನ್ನೂ ಒಂದೇ ಸಾಲಿನಲ್ಲಿ ಬರೆದದ್ದು ನನಗೆ ಒಪ್ಪಿಗೆಯಿಲ್ಲ. ಮದ್ದಳೆ, ತಾಳ, ಮನುಷ್ಯನ ಕಂಠ, ಇವು ಊರ ಹೊರಗಿನ ಬಯಲಲ್ಲಿ ನುಡಿದರೆ ಎಷ್ಟು ದೂರ ಹೋಗುತ್ತವೆ ಅಂತ ಯಾರಾದರೂ ಬಂದು ಅಳೆಯಲಿ. ಮನೆಗಳ ಹತ್ತಿರ ಮಿತಿಯೊಳಗೇ ಇದ್ದರೆ ವರ್ಷಕ್ಕೆ ಒಂದು ರಾತ್ರಿ ಬಿಡಬೇಕು. ದೊಡ್ಡಾಟದಂಥ ಮೂಡಲಪಾಯದ ಆಟಗಳು ಹುಟ್ಟಿದ್ದೇ ರಾತ್ರಿಗಾಗಿ, ಹಗಲೆಲ್ಲ ಹೊಲದಲ್ಲಿರುವ ಮಂದಿಗಾಗಿ. ಬಯಲಾಟಕ್ಕೆಂದೇ ಇರುವ ಕರ್ನಾಟಕ ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಯಲ್ಲೇ ಇದೆ. ಈ ಮಾತನ್ನು ಸರ್ಕಾರದ ಮುಂದೆ ಇಡುವ ಬಾಯಿ ಅದಕ್ಕಿದೆ, ಅದು ಇಡಲಿ ಅಂತ ನನ್ನ ಆಸೆ. ಅಲ್ಲಿಯ ತನಕ ಇರುವ ನಿಯಮದೊಳಗೇ ಆಡಬೇಕು.

ಆ ನಿಯಮದೊಳಗೇ ಒಂದು ಬಾಗಿಲೂ ಇತ್ತು. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ, ಒಳಗಿದ್ದವರಿಗಷ್ಟೇ ಕೇಳುವ ಹಾಗೆ ಇದ್ದರೆ ರಾತ್ರಿಯೂ ಅಡ್ಡಿಯಿಲ್ಲ. ಸಂತೆ ಬಯಲಿನ ಹಿಂದೆಯೇ ನಮ್ಮ ಸಮುದಾಯ ಭವನ. ಸಂಜೆ ಐದೂವರೆಗೆ ಬಯಲಲ್ಲಿ ಶುರು ಮಾಡಿ, ಹತ್ತಕ್ಕೆ ಮೈಕು ಬಂದ್ ಮಾಡಿ ಭವನದ ಒಳಗೆ ಹೋಗಿ, ಬೆಳಗಿನ ಆರಕ್ಕೆ ಮತ್ತೆ ಹೊರಗೆ ಬಂದು ಮಂಗಳಾರತಿ ಮಾಡುವುದು ಅಂತ ಹೇಳಿದೆ.

"ಬಯಲಾಟಕ್ಕ ಬಾಗಲಾ ಹಾಕ್ತಿಯೇನೋ?" ಅಂದರು ಅಜ್ಜ. ಧ್ವನಿ ಜೋರಾಗಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಪಾತ್ರದ ಹುಡುಗರೆಲ್ಲ ಮನೆಗೆ ಬಂದು ಕೂತರು, ಆಡದೇ ಇರುವುದಕ್ಕಿಂತ ಒಳಗಾದರೂ ಆಡೋಣ ಅಂದರು. ಅಜ್ಜ ತಾಳ ತೆಗೆದುಕೊಂಡು ತಾಲೀಮಿಗೆ ಹೊರಟರು. ಒಪ್ಪಿಗೆ ಅಂತ ಬಾಯಿಂದ ಹೇಳಲೇ ಇಲ್ಲ.

ಮೂರನೆಯ ಸಲ ಹೋದಾಗ ಪರವಾನಗಿ ಸಿಕ್ಕಿತು. ಹೆಸ್ಕಾಂ ಸಂಪರ್ಕಕ್ಕೆ ದುಡ್ಡು ಕಟ್ಟಿದ್ದು, ಪಟ್ಟಿ (ವಂತಿಗೆ) ಎತ್ತಿದ್ದು, ಇವೆಲ್ಲ ಎಲ್ಲ ಕಡೆ ನಡೆಯುವಂತೆಯೇ ನಡೆದವು. ಮುಚ್ಚಳಿಕೆ ಪತ್ರಕ್ಕೆ ಸಹಿ ಮಾಡುವಾಗ ಮಾತ್ರ ಕೈ ಒಂದು ಕ್ಷಣ ನಿಂತಿತು. ಹತ್ತರ ನಂತರ ಹೊರಗೆ ಧ್ವನಿವರ್ಧಕ, ವಾದ್ಯ ಬಳಸುವುದಿಲ್ಲ, ದಾರಿ ಬಿಟ್ಟಿರುತ್ತೇವೆ, ತಪ್ಪಿದರೆ ನಾನೇ ಹೊಣೆ. ಇಡೀ ಊರಿನ ಹೊಣೆಗೆ ನನ್ನ ಒಬ್ಬನ ಹೆಸರು. ಬೇರೆಯವರ ಅರ್ಜಿಯಲ್ಲಿ "ಇಲ್ಲಿ ಸಹಿ ಮಾಡ್ರಿ" ಅಂತ ದಿನಕ್ಕೆ ನಲವತ್ತು ಸಲ ಅನ್ನುತ್ತೇನೆ. ಅವರು ಯಾಕೆ ಒಂದು ಕ್ಷಣ ಪೆನ್ನು ಎತ್ತಿ ಹಿಡಿಯುತ್ತಾರೆ ಅಂತ ಈಗ ತಿಳಿಯಿತು.

ಆಟದ ಹಿಂದಿನ ದಿನ ಸೌಂಡ್ ಹುಡುಗನನ್ನು ಕರೆದು ಅಳತೆ ನೋಡಿದೆವು. ಮೊಬೈಲಿನ ಆಪ್ ಅದು, ಕೋರ್ಟಿನಲ್ಲಿ ನಡೆಯುವ ಅಳತೆ ಅಲ್ಲ, ಆದರೂ ಅಂದಾಜು ಸಿಗುತ್ತದೆ. ಅಟ್ಟದ ಎಡಬಲಕ್ಕೆ ಎರಡು ಭೋಂಗಾ ಕಟ್ಟಿ ಅವನು ರೂಢಿಯಂತೆ ಹಚ್ಚಿದ. ಬಯಲಿನ ಅಂಚಿನ ಬೇಲಿ ಹತ್ತಿರ ನಾನು ಮೊಬೈಲ್ ಹಿಡಿದು ನಿಂತೆ. 81. ಭೋಂಗಾ ಇಳಿಸಿ ಎರಡು ಬಾಕ್ಸ್ ಸ್ಪೀಕರ್ ಇಡಿಸಿದೆ, 72. ಬಾಕ್ಸನ್ನು ನೆಲಕ್ಕೆ ಇಳಿಸಿ ಮೋರೆಯನ್ನು ಮಂದಿ ಕೂಡುವ ಕಡೆಗೇ ತಿರುಗಿಸಿ ಸ್ವಲ್ಪ ತಗ್ಗಿಸಿದಾಗ 64ಕ್ಕೆ ಬಂತು. ಅಷ್ಟಕ್ಕೆ ಮಂದಿಗೆ ಕೇಳುತ್ತದೆಯೇ ಅಂತ ಹುಡುಗನಿಗೆ ಅನುಮಾನ. ಗೌಂಡಿ ಅಟ್ಟ ಹತ್ತಿ ದುರ್ಯೋಧನನ ಮಾತು ಹೇಳಿದ. ಹಿಂದಿನ ಸಾಲು ಬರುವ ಜಾಗದಲ್ಲಿ ನಿಂತು ಕೇಳಿದೆ. ಒಂದೊಂದು ಅಕ್ಷರ ಬಿಡಿಸಿ ಕೇಳಿತು. ಭೋಂಗಾದಲ್ಲಿ ಇಷ್ಟು ವರ್ಷ ಗೊಗ್ಗರು ದನಿಯಷ್ಟೇ ಬರುತ್ತಿತ್ತು, ಅವನ ಮಾತಿನಲ್ಲಿ ಇಷ್ಟು ನಯ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಆಟದ ದಿನ ಐದೂವರೆಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಗಂಡಸರು ಹೊಲದಿಂದ ಬಂದಿರಲಿಲ್ಲ. ಸ್ತುತಿಗೆ ಎದ್ದಾಗ ಮುಂದೆ ಕೂತದ್ದು ಹೆಚ್ಚಾಗಿ ಹೆಣ್ಣುಮಕ್ಕಳು, ಸಾಲಿ ಹುಡುಗರು. ಇದು ನಾವು ಎಣಿಸಿರದ ಲಾಭ. ನಡುರಾತ್ರಿಯ ಆಟಕ್ಕೆ ಬರಲಾಗದ ಸೊಸೆಯಂದಿರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಅವ್ವ ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮಾವನ ಹಾಡಿಕೆಯನ್ನು ಮೊದಲ ಸಾಲಿನಲ್ಲಿ ಕೂತು ಕೇಳಿದ್ದು ಅದೇ ಮೊದಲು. ಎಂಟರ ಹೊತ್ತಿಗೆ ಬಯಲು ತುಂಬಿತು. ಆಯಾರದ ಹೆಸರು ಕೂಗುವುದನ್ನು ಬಂದ್ ಮಾಡಿ ಒಂದು ಫಲಕದ ಮೇಲೆ ಬರೆದು ಇಟ್ಟೆವು. ಅದಕ್ಕೆ ಇಬ್ಬರು ಹಿರಿಯರು ಸಿಟ್ಟಾದರು, ಇನ್ನೂ ಸಿಟ್ಟಿನಲ್ಲೇ ಇದ್ದಾರೆ.

ಹತ್ತಕ್ಕೆ ಐದು ನಿಮಿಷ ಇರುವಾಗ ಸೌಂಡ್ ಹುಡುಗ ಕೈ ಎತ್ತಿದ. ಅಜ್ಜ ಪದ ಎಳೆಯುತ್ತಿದ್ದರು. ಆ ಪದ ಮುಗಿಸಿ ತಾಳ ಕೆಳಗಿಟ್ಟರು. ಮೈಕು ಬಂದಾಯಿತು. ಮಂದಿ ಎದ್ದು ಚಾಪೆ ಸುತ್ತಿಕೊಂಡು ಭವನದ ಕಡೆಗೆ ನಡೆದರು. ಅರ್ಧದಷ್ಟು ಮಂದಿ ಮನೆಗೆ ಹೋದರು, ಭವನದಲ್ಲಿ ಜಾಗವೂ ಅಷ್ಟಕ್ಕೇ ಇತ್ತು. ಒಳಗೆ ಮೈಕಿಗೆ ಅಡ್ಡಿ ಇರಲಿಲ್ಲ, ಆದರೂ ಹಚ್ಚಲಿಲ್ಲ.

ಒಳಗೆ ಹೋದ ಮೇಲೆ ಒಂದು ತೊಡಕು ಬಂತು. ದೊಡ್ಡಾಟದ ಕುಣಿತಕ್ಕೆ ಹಲಗೆ ಬೇಕು. ಗೆಜ್ಜೆ ಕಟ್ಟಿದ ಕಾಲು ಹಲಗೆಯ ಮೇಲೆ ಬಿದ್ದಾಗ ಬರುವ ದಡಲ್ ಅನ್ನುವ ಸದ್ದು ಸಿಮೆಂಟಿನ ನೆಲದಲ್ಲಿ ಬರುವುದಿಲ್ಲ. ಭೀಮನ ಪಾತ್ರ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟಿತು. ಹುಡುಗರು ಓಡಿಹೋಗಿ ಅಟ್ಟದಿಂದ ಆರು ಹಲಗೆ ಕಿತ್ತು ತಂದು, ಕೆಳಗೆ ಇಟ್ಟಿಗೆ ಇಟ್ಟು ಹಾಸಿದರು. ಗೌಂಡಿಯೇ ಬಗ್ಗಿ, ಕಿರೀಟ ಒಂದು ಕೈಯಲ್ಲಿ ಹಿಡಿದು, ಹಲಗೆ ಅಲುಗದಂತೆ ಸಂದಿಗೆ ಚಕ್ಕೆ ಸಿಕ್ಕಿಸಿದ. ಆಮೇಲೆ ಆ ಹಲಗೆಯ ಮೇಲೆ ಭೀಮ ಕುಣಿದಾಗ ಗೋಡೆಗಳು ಸದ್ದನ್ನು ಮರಳಿ ಕೊಟ್ಟವು.

ಸೆಕೆ ಮಾತ್ರ ಹೇಳತೀರದು. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದ ಭವನ, ಮುನ್ನೂರು ಮಂದಿ. ಫ್ಯಾನು ಹಚ್ಚಿದರೆ ಅದರ ಸದ್ದಿಗೆ ಮಾತು ಕೇಳುವುದಿಲ್ಲ, ಬಂದ್ ಮಾಡಿದರೆ ಪಾತ್ರಗಳ ಮುಖದ ಬಣ್ಣ ಇಳಿಯುತ್ತದೆ. ತಾಸಿಗೊಮ್ಮೆ ಆಟ ನಿಲ್ಲಿಸಿ ಬಾಗಿಲು ತೆರೆದು ಎಲ್ಲರಿಗೂ ಗಾಳಿ ಕೊಟ್ಟೆವು. ಬಾಗಿಲು ಹಾಕಿದ ಮೇಲೆ ನಾನು ಎರಡು ಸಲ ಗುಡಿ ತನಕ ನಡೆದುಹೋಗಿ ಕಿವಿಗೊಟ್ಟೆ. ಬೇವಿನ ಗಿಡದ ಕೆಳಗೆ ಬಸ್ಸು, ಕಟ್ಟೆಯ ಮೇಲೆ ಇಬ್ಬರು ಮುಸುಕು ಹಾಕಿ ಮಲಗಿದ್ದರು. ಆಸ್ಪತ್ರೆಯ ವರಾಂಡದ ದೀಪ ಉರಿಯುತ್ತಿತ್ತು. ಮದ್ದಳೆಯ ಸದ್ದು ಬಂದೂ ಬಾರದ ಹಾಗೆ, ಗಾಳಿ ಆ ಕಡೆಯಿಂದ ಬೀಸಿದಾಗ ಮಾತ್ರ.

ಐದೂ ಐವತ್ತಕ್ಕೆ ಎಲ್ಲರನ್ನೂ ಹೊರಗೆ ಕರೆದೆ. ಮೂಡಲ ಕೆಂಪಾಗಿತ್ತು. ಮಂದಿ ಬಯಲಲ್ಲಿ ಗಾಳಿಗೆ ಮೈಯೊಡ್ಡಿ ನಿಂತರು. ಮದ್ದಳೆಯವರು ಮದ್ದಳೆ ಹೆಗಲಿಗೆ ಹಾಕಿಕೊಂಡು ಸಿದ್ಧ, ಆರತಿ ತಟ್ಟೆ ಸಿದ್ಧ. ಅಜ್ಜ ತಾಳ ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು.

"ಆತೇನೋ ಆರು?"

"ಇನ್ನೂ ನಾಕ ಮಿನಿಟ ಅಜ್ಜಾ."

ಯಾರೂ ಮಾತಾಡಲಿಲ್ಲ. ಕಬ್ಬಿನ ಹೊಲದ ಕಡೆಯಿಂದ ಹಕ್ಕಿಗಳ ಸದ್ದು ಶುರುವಾಗಿತ್ತು. ಭೀಮನೂ ದುರ್ಯೋಧನನೂ ಒಬ್ಬರ ಮಗ್ಗಲಿಗೆ ಒಬ್ಬರು ನಿಂತು ನನ್ನ ಮೊಬೈಲ್ ನೋಡುತ್ತಿದ್ದರು. ಅಂಕಿ ಬದಲಾಯಿತು. ನಾನು ತಲೆ ಆಡಿಸಿದೆ. ಅಜ್ಜ ತಾಳ ತಟ್ಟಿದರು.

ಮಂಗಳಾರತಿ ಮುಗಿಯುವ ಹೊತ್ತಿಗೆ ವಸ್ತಿ ಗಾಡಿ ಬಂದು ಬಯಲಿನ ಅಂಚಿಗೆ ನಿಂತಿತು. ಡ್ರೈವರ್ ಇಳಿದು ಚಪ್ಪಲಿ ಬಿಟ್ಟು ಆರತಿ ತಗೊಂಡರು. "ಏರ್ರಿ, ಹೊತ್ತಾತು" ಅಂತ ಕರೆದಾಗ ಪರಊರಿಂದ ಬಂದ ಮಂದಿ ಚಾಪೆ, ಬುತ್ತಿಗಂಟು ಎತ್ತಿಕೊಂಡು ಓಡಿದರು. ಬೇರೆ ಊರಿಂದ ಬಂದಿದ್ದ ಸಾರಥಿಯ ಪಾತ್ರದವನು ಮುಖದ ಬಣ್ಣ ತೊಳೆದಿರಲಿಲ್ಲ, ಹಾಗೇ ಹತ್ತಿ ಕಿಟಕಿ ಮಗ್ಗಲ ಕೂತ.